ಶಾರ್ಟ್ ಸರ್ಕ್ಯೂಟ್ ಎಂಬ ನೆಪ

ನಮ್ಮ ಸಿಂದಗಿ ತಾಲ್ಲೂಕಿನ ಕನ್ನೊಳ್ಳಿಯಾಗಲಿ, ಅತ್ತ ಇಂಡಿ ಪಟ್ಟಣವಾಗಲಿ, ಮನೆಗೋ ಅಂಗಡಿಗೋ ಬೆಂಕಿ ಬಿತ್ತೆಂದರೆ ಜನ ಆಡುವ ಮಾತು ಒಂದೇ: "ಶಾರ್ಟ್ ಆಗ್ಯದ, ಯಾರೇನು ಮಾಡೂದು?" ಅಲ್ಲಿಗೆ ವಿಚಾರಣೆ ಮುಗಿಯಿತು. ಹಿಂದೆ ದೇವಿಯ ಮುನಿಸು ಎನ್ನುತ್ತಿದ್ದ ಜಾಗಕ್ಕೆ ಈಗ ಇಂಗ್ಲಿಷ್ ಹೆಸರು ಬಂದಿದೆ, ಅಷ್ಟೆ. ಹೆಂಗಸರ ಪಾಲಿಗೆ ಇನ್ನೊಂದು ಮಾತು ಮೀಸಲು: "ಆಕಿ ಸ್ವಿಚ್ ಆರಿಸಿರಲಿಲ್ಲ."

ಈ ಎರಡೂ ಮಾತುಗಳ ಮೇಲೆ ನನಗೆ ಸಿಟ್ಟಿದೆ. ತಂತಿಗೆ ತಂತಿ ತಾಗಿ ನಿಜವಾಗಿ ಶಾರ್ಟ್ ಆದರೆ ಫ್ಯೂಸ್ ಹಾರಬೇಕು. ಫ್ಯೂಸ್ ಹಾರದೆಯೇ ಮನೆ ಸುಡುವ ದಾರಿ ಬೇರೆ ಇದೆ. ಅದು ಸಡಿಲಾದ ಜೋಡಣೆ. ಎರಡು ಸಾವಿರ ವಾಟಿನ ಗೀಜರ್ ಸುಮಾರು 9 ಆಂಪಿಯರ್ ಕರೆಂಟ್ ಎಳೆಯುತ್ತದೆ. ಸಾಕೆಟ್ಟಿನಲ್ಲಿ ಪ್ಲಗ್ ಅಲುಗಾಡುತ್ತಿದ್ದು ಅಲ್ಲಿ ಅರ್ಧ ಓಮ್ ತಡೆ ಹುಟ್ಟಿದರೂ ಸಾಕು, ಆ ಒಂದೇ ಬಿಂದುವಿನಲ್ಲಿ 40 ವಾಟಿನಷ್ಟು ಶಾಖ. ರೇಡಿಯೊ ರಿಪೇರಿಯವರು ಬೆಸುಗೆ ಹಾಕುವ ಕಡ್ಡಿ 25 ವಾಟಿನದು! ಅದನ್ನು ಗೋಡೆಯೊಳಗೆ ಹುದುಗಿಸಿ ದಿನಾ ಬೆಳಿಗ್ಗೆ ಅರ್ಧ ತಾಸು ಹಚ್ಚಿಟ್ಟಂತಾಯಿತು. ಫ್ಯೂಸಿಗೆ ಇದರ ಸುಳಿವೇ ಇರುವುದಿಲ್ಲ, ಹರಿಯುವ ಕರೆಂಟು ಹೆಚ್ಚಾಗಿಲ್ಲವಲ್ಲ. ಕಾದ ಹಿತ್ತಾಳೆ ಕಪ್ಪಾಗಿ, ಹಿಡಿತ ಕಳೆದುಕೊಂಡು ಇನ್ನಷ್ಟು ಕಾಯುತ್ತದೆ. ದಂಡೆಗೆ ಕಟ್ಟಿದ ದೋಣಿಗಳಿಗೆ ದಡದಿಂದ ಕೇಬಲ್ ಎಳೆದು ಕರೆಂಟ್ ಕೊಡುವಲ್ಲಿಯೂ ಬೆಂಕಿ ಹತ್ತುವುದು ಹೀಗೆಯೇ, ಉಪ್ಪುಗಾಳಿಗೆ ಕಿಲುಬು ಹಿಡಿದ ಪ್ಲಗ್ಗಿನಲ್ಲಿ. ನಮ್ಮಲ್ಲಿ ಸಮುದ್ರವಿಲ್ಲ, ಬಚ್ಚಲುಮನೆಯ ಹಬೆ ಇದೆ, ಬೇಸಿಗೆಯ ದೂಳು ಇದೆ.

1997ರ ಜೂನ್ 13ರಂದು ದಿಲ್ಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಜನ ಸತ್ತರು. ಅಂದು ಬೆಳಿಗ್ಗೆಯೇ ಅಲ್ಲಿನ ಟ್ರಾನ್ಸ್‌ಫಾರ್ಮರ್ ಕೆಟ್ಟು ರಿಪೇರಿಯಾಗಿತ್ತು. ಕೇಬಲ್ಲಿನ ತುದಿಯನ್ನು ಯಂತ್ರದಿಂದ ಒತ್ತಿ ಬಿಗಿಯಬೇಕಾದವರು ಸುತ್ತಿಗೆಯಿಂದ ಬಡಿದು ಹೋಗಿದ್ದರು. ಸಂಜೆ ಆ ಜೋಡಣೆ ಬಿಟ್ಟಿತು. ಬಾಲ್ಕನಿಯ ದಾರಿ ಮುಚ್ಚಿದ್ದವರ ಪಾಪ ಬೇರೆ. ಬೆಂಕಿಯ ಮೂಲ ಮಾತ್ರ ಸುತ್ತಿಗೆಯ ಆ ನಾಲ್ಕು ಏಟು.

ಅದೇ ಸುತ್ತಿಗೆಯವರು ನಮ್ಮ ಮನೆಗಳಿಗೂ ಬರುತ್ತಾರೆ. "ನಡೀತದ ಬಿಡ್ರಿ, ಅಕ್ಕಾರ" ಎನ್ನುತ್ತಾರೆ. ಮನೆ ಕಟ್ಟಿಸುವಾಗ ಪಡಸಾಲೆಗೆ ಬಣ್ಣದ ದೀಪಗಳ ಸಾಲು. ಅಡಿಗೆಮನೆಗೆ ಒಂದೇ ಪ್ಲಗ್ ಪಾಯಿಂಟು, ಅದೂ ಒಲೆಯ ಪಕ್ಕ. ಫ್ರಿಜ್ಜು, ಮಿಕ್ಸರು, ಗ್ರೈಂಡರು ಎಲ್ಲವೂ ಒಂದು ಅಗ್ಗದ ಎಕ್ಸ್‌ಟೆನ್ಶನ್ ಡಬ್ಬಿಗೆ ಜೋತುಬೀಳಬೇಕು. 15 ಆಂಪಿಯರಿನ ದಪ್ಪ ಪ್ಲಗ್ಗನ್ನು 5 ಆಂಪಿಯರಿನ ಸಾಕೆಟ್ಟಿಗೆ ಸೇರಿಸುವ ಕನ್ವರ್ಟರನ್ನು ಅಂಗಡಿಯವನು ನಗುನಗುತ್ತ ಕೊಡುತ್ತಾನೆ. ತಂತಿಯ ದಪ್ಪ ಗೊತ್ತುಮಾಡಿದವರು ಗಂಡಸರು, ದುಡ್ಡು ಉಳಿಸಿದವರೂ ಅವರೇ. ಸುಟ್ಟ ಮೇಲೆ ಮಾತ್ರ ಅಡಿಗೆಮನೆ ನಮ್ಮದಾಗುತ್ತದೆ.

ಹಾಗಾದರೆ ನಮ್ಮದೆಂದೇ ಹಿಡಿಯೋಣ. ಗೀಜರಿಗೆ ಬೇರೆಯೇ ತಂತಿ ಕೇಳಿ, ಐಎಸ್‌ಐ ಗುರುತಿಲ್ಲದ ಸಾಮಾನನ್ನು ಅಂಗಡಿಗೆ ತಿರುಗಿ ಕಳಿಸಿ. ಇಸ್ತ್ರಿ ಮುಗಿದ ಮೇಲೆ ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಅದರ ಮೈ ಮುಟ್ಟಿ ನೋಡಿ. ಬಿಸಿಯಿದ್ದರೆ, ಕಂದಾಗಿದ್ದರೆ, ಸುಟ್ಟ ವಾಸನೆ ಬಂದರೆ ಆ ಪಾಯಿಂಟನ್ನು ಅಂದೇ ನಿಲ್ಲಿಸಿ. ಟೇಪು ಸುತ್ತುವವನನ್ನು ಕರೆಯಬೇಡಿ. ಮೇನ್ ಆರಿಸಿ ಒಳಗಿನ ಸ್ಕ್ರೂ ಬಿಗಿಯುವವನು ಬೇಕು. ಅವನೂ ಪ್ಲಗ್ಗಷ್ಟೇ ಬದಲಿಸಿ ಹೊರಟರೆ ಬಾಗಿಲಲ್ಲೇ ತಡೆದು, ಸಾಕೆಟ್ಟನ್ನೂ ಬದಲಿಸಿದ ಮೇಲೆ ದುಡ್ಡು ಕೊಡಿ. ಸುಟ್ಟ ಸಾಕೆಟ್ಟು ಹೊಸ ಪ್ಲಗ್ಗನ್ನೂ ಸುಡುತ್ತದೆ.