ರೈಲು ಬಿಟ್ಟುಹೋದ ಹಾದಿ

ಅಮೆರಿಕದ ಸಿಯಾಟಲ್ ಏರುತಗ್ಗುಗಳ ಊರು. ಆದರೂ ಅಲ್ಲಿನ ಬರ್ಕ್-ಗಿಲ್ಮನ್ ಹಾದಿಯಲ್ಲಿ ವೃದ್ಧರೂ ಏದುಸಿರಿಲ್ಲದೆ ಸೈಕಲ್ ತುಳಿಯಬಲ್ಲರು. ಕಾರಣವಿಷ್ಟೆ: ಅದು ಹಿಂದೆ ರೈಲುಮಾರ್ಗವಾಗಿದ್ದಿತು. ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿಗೆ ಹಿಡಿತ ಅಲ್ಪ. ಕಡಿದಾದ ಏರಿನಲ್ಲಿ ಅದು ಜಾರುವುದು. ಆದುದರಿಂದ ಹತ್ತೊಂಬತ್ತನೆಯ ಶತಮಾನದ ಇಂಜಿನಿಯರರು ನೀರಿನ ಅಂಚನ್ನೇ ಹಿಡಿದು ಹೆಚ್ಚುಕಡಮೆ ಸಮತಟ್ಟಾದ ದಾರಿಯನ್ನು ಆರಿಸಿದರು. 1971ರಲ್ಲಿ ರೈಲು ಕಂಪನಿಯು ಅದನ್ನು ಕೈಬಿಟ್ಟಿತು. 1978ರಲ್ಲಿ ಅದು ಜನರ ಹಾದಿಯಾಗಿ ತೆರೆಯಿತು. ಉಗಿಯಂತ್ರಕ್ಕಾಗಿ ಪಟ್ಟ ಶ್ರಮದ ಫಲ ಈಗ ನಡೆಯುವವರ ಮೊಣಕಾಲುಗಳಿಗೆ ದಕ್ಕಿದೆ.

ಇದನ್ನು ನಾವು ಮನಸಾರೆ ಮೆಚ್ಚುತ್ತೇವೆ. ಆದರೆ ಇಂತಹ ಹಾದಿಗಳನ್ನು ರಚಿಸುವವರು ಒಂದು ಲೆಕ್ಕವನ್ನು ಮರೆಯುವುದುಂಟು. ನಡೆಯುವವನ ವೇಗ ಗಂಟೆಗೆ ಸುಮಾರು 5 ಕಿಲೋಮೀಟರು. ಸೈಕಲ್ ಸವಾರನದು 20. ಇಬ್ಬರ ತೂಕ ಒಂದೇ ಎಂದಿಟ್ಟುಕೊಂಡರೂ ಚಲನಶಕ್ತಿ ನಾಲ್ಕು ಮಡಿಯಲ್ಲ, ಹದಿನಾರು ಮಡಿ! ಅಡ್ಡಬಂದ ಮಗುವನ್ನು ಕಂಡು ಬ್ರೇಕು ಹಿಡಿಯಲು ಸವಾರನಿಗೆ ಒಂದು ಸೆಕೆಂಡು ಹಿಡಿದರೆ, ಅಷ್ಟರಲ್ಲಿಯೇ ಅವನು ಐದೂವರೆ ಮೀಟರು ಮುಂದೆ ಬಂದಿರುತ್ತಾನೆ. ‘ಗಂಟೆ ಬಾರಿಸಿ’ ಎಂಬ ಫಲಕ ಈ ನಿಯಮವನ್ನು ಬದಲಿಸಲಾರದು. (ಬಾರಿಸಿದಾಗ ಅರ್ಧ ಜನ ಎಡಕ್ಕೂ ಅರ್ಧ ಜನ ಬಲಕ್ಕೂ ಸರಿಯುವರೆಂಬುದು ಬೇರೆ ಮಾತು.)

ಸ್ಥಳವಿರುವಲ್ಲೆಲ್ಲ ಸೈಕಲ್ಲಿಗೂ ಕಾಲ್ನಡಿಗೆಗೂ ಬೇರೆ ಬೇರೆ ಪಟ್ಟಿಗಳಿರಬೇಕೆಂಬುದು ನಮ್ಮ ಅಭಿಪ್ರಾಯ. ಇದೇ ಹಾದಿಯು ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ಆವರಣವನ್ನು ಹಾಯುವಲ್ಲಿ ಹೀಗೆಯೇ ಮಾಡಿದ್ದಾರೆ. ಇನ್ನು ಓಡುವವರು ಯಾವ ಕಡೆ? ಅವರ ವೇಗ ಹತ್ತು ಕಿಲೋಮೀಟರಿನ ಆಸುಪಾಸು; ಶಕ್ತಿ ನಾಲ್ಕು ಮಡಿ ಮಾತ್ರ. ಅವರು ನಡೆಯುವವರೊಡನೆಯೇ ಇರಲಿ.