ತೋಟದ ಮನೆಗೂ ತರಕಾರಿ ಸಂತೆಯಿಂದಲೇ ಬರಬೇಕೆ?



ಸಂತೆಯ ದಿನ ಸಂಜೆ ಮಲೆನಾಡಿನ ಯಾವ ಪೇಟೆಯಲ್ಲಿ ನಿಂತು ನೋಡಿದರೂ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ತಲೆಮಾರುಗಳಿಂದ ಮಣ್ಣನ್ನೇ ನಂಬಿ ಬದುಕಿದ ತೋಟದ ಮನೆಯವರು ಬದನೆ, ಬೆಂಡೆ, ಹೀರೆ, ಸೊಪ್ಪುಗಳನ್ನು ಚೀಲ ತುಂಬಿಕೊಂಡು ಊರಿಗೆ ಮರಳುತ್ತಿರುತ್ತಾರೆ. ಆ ತರಕಾರಿಯ ಬಹುಪಾಲು ಬಯಲುಸೀಮೆಯಿಂದ ಲಾರಿಯಲ್ಲಿ ಬಂದದ್ದು. ಬೆಳೆದವರು ಯಾರು, ಕೊಯ್ಯುವ ಮೊದಲು ಏನನ್ನು ಎಷ್ಟು ಸಲ ಸಿಂಪಡಿಸಿದರು ಎಂಬುದು ಮಾರುವವನಿಗೂ ತಿಳಿಯದು, ಕೊಳ್ಳುವವರಿಗೂ ತಿಳಿಯದು. ಅಡಿಕೆ, ಕಾಫಿ ಬೆಳೆದು ದೇಶಕ್ಕೆ ಕೊಡುವ ಕೈಗಳಿಗೆ ನಾಲ್ಕು ಬೆಂಡೆ ಗಿಡ ಬೆಳೆಸುವುದು ಕಷ್ಟವಾಯಿತೆ? ಪ್ರತಿಯೊಬ್ಬ ಸದಸ್ಯರ ಮನೆಯೂ ತನ್ನ ಅಡಿಗೆಗೆ ಬೇಕಾದ ತರಕಾರಿಯ ಬಹುಭಾಗವನ್ನು ವಿಷ ಹಾಕದೆ ತಾನೇ ಬೆಳೆದುಕೊಳ್ಳಬೇಕು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಇದಕ್ಕೆ ಬರುವ ಮೊದಲ ಆಕ್ಷೇಪ ಎಲ್ಲರಿಗೂ ಗೊತ್ತಿರುವುದೇ. ಕೂಲಿ ಏರಿದೆ, ಆಳು ಸಿಗುವುದಿಲ್ಲ, ತರಕಾರಿ ಮಡಿಯಲ್ಲಿ ಕಳೆಯುವ ಹೊತ್ತನ್ನು ಮೆಣಸಿನ ಬಳ್ಳಿಗೆ ಕೊಟ್ಟರೆ ಹೆಚ್ಚು ಹುಟ್ಟುತ್ತದೆ ಎಂಬ ಮಾತು. ದರ ಚೆನ್ನಾಗಿರುವ ವರ್ಷ ಈ ಲೆಕ್ಕ ಸರಿಯೆಂದೇ ತೋರುತ್ತದೆ. ಆದರೆ 2001-02ರ ಸುಮಾರಿಗೆ ಕಾಫಿ ಮತ್ತು ಅಡಿಕೆಯ ದರ ಒಟ್ಟಿಗೇ ಕುಸಿದ ದಿನಗಳನ್ನು ಕಂಡವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ದರ ಇಳಿದ ವರ್ಷವೂ ಅಡಿಗೆಮನೆಯ ಖರ್ಚು ಇಳಿಯುವುದಿಲ್ಲ. ಐದಾರು ಜನರ ಸಂಸಾರಕ್ಕೆ ಎರಡು ಗುಂಟೆ ಬಿಸಿಲು ಬೀಳುವ ನೆಲ ಸಾಕು. ಇದಕ್ಕೆ ಆಳು ಹಿಡಿಯುವ ಪ್ರಶ್ನೆಯೇ ಇಲ್ಲ. ದಿನಕ್ಕೆ ಅರ್ಧ ಮುಕ್ಕಾಲು ಗಂಟೆ ಮನೆಯವರೇ ಕೈಯಾಡಿಸಿದರೆ ನಡೆಯುತ್ತದೆ. ಮನೆಯವರು ಎಂದರೆ ಹೆಂಗಸರು ಎಂದು ಅರ್ಥ ಮಾಡಿಕೊಳ್ಳಬಾರದು. ಬೇಲಿ ಕಟ್ಟುವುದು, ಗೊಬ್ಬರ ಹೊರುವುದು, ನೀರು ಹಾಯಿಸುವುದು ಗಂಡಸರ ಪಾಲಿಗೆ ಬರತಕ್ಕದ್ದು.

ಎರಡನೆಯದು ವಿಷದ ಮಾತು. ಮಾನೋಕ್ರೋಟೋಫಾಸ್ ಔಷಧವನ್ನು ತರಕಾರಿ ಬೆಳೆಗಳಿಗೆ ಬಳಸಕೂಡದೆಂದು ಕೇಂದ್ರ ಸರಕಾರ 2005ರಲ್ಲಿ ನಿಷೇಧಿಸಿತು. ಅದಕ್ಕೆ ಮುಂಚೆ ಅದನ್ನು ತರಕಾರಿಗೆ ಹೊಡೆಯಲು ಅಡ್ಡಿಯಿರಲಿಲ್ಲ ಎಂಬುದನ್ನು ನಾವು ಗಮನಿಸಬೇಕು. ನಮ್ಮ ಘಟ್ಟದ ಕೆಳಗಂತೂ ಪಾಠ ಇನ್ನೂ ಕಠಿಣವಾಗಿದೆ. ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದರ ಫಲವನ್ನು ಅಲ್ಲಿಯ ಹಳ್ಳಿಗಳ ಮಕ್ಕಳು ಇಂದಿಗೂ ಅನುಭವಿಸುತ್ತಿದ್ದಾರೆ. ಸುಪ್ರೀಂ ಕೋರ್ಟು ಅದನ್ನು ದೇಶದಲ್ಲೆಲ್ಲ ತಡೆಹಿಡಿದದ್ದು 2011ರ ಮೇ ತಿಂಗಳಲ್ಲಿ. ಅಷ್ಟರವರೆಗೆ ಅದು ಅಂಗಡಿಯಲ್ಲಿ ಸಿಗುವ ಸಾಮಾನ್ಯ ಔಷಧವೇ ಆಗಿತ್ತು. ಕಾನೂನು ಎಚ್ಚೆತ್ತುಕೊಳ್ಳುವವರೆಗೆ ನಮ್ಮ ತಟ್ಟೆ ಕಾಯಬೇಕಾಗಿಲ್ಲ.

ಹಾಗಾದರೆ ಎಲ್ಲಿ ಬೆಳೆಯುವುದು? ತೋಟದೊಳಗೆ ಬೇಡವೆಂದೇ ನಮ್ಮ ಸಲಹೆ. ಅಡಿಕೆ ಮರದ ಬುಡದಲ್ಲೂ ಕಾಫಿಯ ನೆರಳಲ್ಲೂ ತರಕಾರಿಗೆ ಬೇಕಾದ ಬಿಸಿಲು ಸಿಗದು. ಮತ್ತೊಂದು ಕಾರಣವೂ ಉಂಟು. ಮೈಸೂರು ಸಂಸ್ಥಾನದ ಕಾಲದಲ್ಲಿ ಡಾ. ಲೆಸ್ಲಿ ಕೋಲ್ಮನ್ ಅವರು ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಬಳಕೆಗೆ ತಂದಂದಿನಿಂದ ನಮ್ಮ ತೋಟಗಳು ಅದರಿಂದಲೇ ಉಳಿದಿವೆ. ಅದನ್ನು ನಾವು ಹಳಿಯುವುದಿಲ್ಲ. ಆದರೆ ಮೈಲುತುತ್ತದಲ್ಲಿರುವ ತಾಮ್ರ ಕೊಳೆತು ಹೋಗುವ ವಸ್ತುವಲ್ಲ, ವರ್ಷ ವರ್ಷವೂ ಮಣ್ಣಿನಲ್ಲಿ ಸೇರುತ್ತಲೇ ಇರುತ್ತದೆ. ಸಿಂಪಡಣೆಯ ಹನಿ ಬೀಳುವಲ್ಲಿ ಹರಿವೆ, ಬಸಳೆ ಬೆಳೆದು ವಿಷವಿಲ್ಲದ ಸೊಪ್ಪೆಂದು ಉಣ್ಣುವುದು ಸರಿಯಾಗದು. ಹಿತ್ತಲು ಮತ್ತು ಅಂಗಳದ ಅಂಚುಗಳೇ ಇದಕ್ಕೆ ತಕ್ಕ ಜಾಗ. ಅಡಿಕೆ, ಕಾಫಿ ಒಣಗಿಸುವ ಅಂಗಳ ಮಳೆಗಾಲ ಪೂರ್ತಿ ಖಾಲಿ ಬಿದ್ದಿರುತ್ತದೆ. ಹಳೆಯ ಗೊಬ್ಬರದ ಚೀಲಗಳನ್ನು ಚೆನ್ನಾಗಿ ತೊಳೆದು, ಮಣ್ಣು ಗೊಬ್ಬರ ತುಂಬಿ ಅಂಗಳದ ಅಂಚಿನಲ್ಲಿ ಸಾಲಾಗಿ ಇಟ್ಟರೆ ಬೆಂಡೆ ಸೊಗಸಾಗಿ ಬರುತ್ತದೆ, ನೀರು ನಿಲ್ಲುವ ಭಯವೂ ಇಲ್ಲ.

ಕಾಲವನ್ನು ಮಾತ್ರ ತಪ್ಪಿಸಬಾರದು. ರೋಹಿಣಿ ಮಳೆಯ ಹೊತ್ತಿಗೆ ಸೌತೆ, ಹೀರೆ, ಪಡುವಲ, ಹಾಗಲದ ಬೀಜ ಊರಿದರೆ ಆರಿದ್ರೆಯ ಹೊಡೆತ ಬರುವಷ್ಟರಲ್ಲಿ ಬಳ್ಳಿ ಚಪ್ಪರ ಹಿಡಿದಿರುತ್ತದೆ. ದೀಪಾವಳಿಯ ನಂತರ ಹರಿವೆ, ಬದನೆ, ಟೊಮೆಟೊ, ಅಲಸಂದೆಯ ಸರದಿ. ಬಲಿತ ಮಂಗಳೂರು ಸೌತೆಯನ್ನು ಬಾಳೆನಾರಿನಲ್ಲಿ ಕಟ್ಟಿ ಜಂತಿಗೆ ತೂಗುಹಾಕಿದರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಇದು ಹಿರಿಯರು ಕಂಡುಕೊಂಡ ಶೀತಲ ಪೆಟ್ಟಿಗೆ.

ಗೊಬ್ಬರಕ್ಕಾಗಿ ಹೊರಗೆ ಹೋಗಬೇಕಾಗಿಲ್ಲ. ಕೊಟ್ಟಿಗೆ ಗೊಬ್ಬರ, ಒಲೆಯ ಬೂದಿ, ದರಗು ನಮ್ಮಲ್ಲೇ ಇವೆ. ಕಾಫಿ ಪಲ್ಪಿಂಗ್ ಮಾಡುವವರು ಹಣ್ಣಿನ ಸಿಪ್ಪೆಯನ್ನು ಹಸಿಯಾಗಿ ಹಾಕದೆ, ಸಗಣಿ ಬೆರೆಸಿ ಕೊಳೆಯಿಸಿ ಹಾಕಬೇಕು. ಅಡಿಕೆಯ ಹಾಳೆ, ಸೋಗೆಗಳಿಂದ ಎರೆಗೊಬ್ಬರ ಮಾಡಬಹುದೆಂದು ವಿಟ್ಲದ ತೋಟಗಾರಿಕಾ ಬೆಳೆಗಳ ಸಂಶೋಧನಾ ಕೇಂದ್ರದವರು ತೋರಿಸಿಕೊಟ್ಟಿದ್ದಾರೆ. ಜೀವಾಮೃತವನ್ನು ಎಕರೆಗಟ್ಟಲೆಗೆ ಮಾಡುವ ಬದಲು ಹಿತ್ತಲಿನ ಅಳತೆಗೆ ಇಳಿಸಿಕೊಳ್ಳಬಹುದು: 1 ಕಿಲೊ ಸಗಣಿ, 1 ಲೀಟರ್ ಗಂಜಲ, 200 ಗ್ರಾಂ ಬೆಲ್ಲ, 200 ಗ್ರಾಂ ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಮಣ್ಣು, 20 ಲೀಟರ್ ನೀರು. ನಮ್ಮ ಮಣ್ಣಿನಲ್ಲಿ ಹುಳಿ ಹೆಚ್ಚಾದ್ದರಿಂದ ಮಡಿ ಮಾಡುವ ಎರಡು ವಾರ ಮೊದಲೇ ಸ್ವಲ್ಪ ಸುಣ್ಣ ಬೆರೆಸುವುದನ್ನು ಮರೆಯಬಾರದು.

ಇನ್ನು ಹುಳ ಮತ್ತು ರೋಗ. ಎಳೆಯ ಬಳ್ಳಿಯ ಎಲೆ ತಿನ್ನುವ ಕೆಂಪು ದುಂಬಿಗೆ ಬೆಳಗಿನ ಇಬ್ಬನಿಯಲ್ಲಿ ಬೂದಿ ಉದುರಿಸಿದರೆ ಸಾಕು. ಹಾಗಲ, ಹೀರೆಗಳನ್ನು ಕೆಡಿಸುವ ಹಣ್ಣುನೊಣಕ್ಕೆ ಎಳೆಗಾಯಿಗೇ ಕಾಗದದ ಕೊಟ್ಟೆ ಕಟ್ಟಬೇಕು; ಉದುರಿದ ಕಾಯಿಗಳನ್ನು ಗೊಬ್ಬರಗುಂಡಿಗೆ ಎಸೆಯದೆ ನೀರಿನಲ್ಲಿ ಮುಳುಗಿಸಿ ಹುಳ ಸಾಯಿಸಬೇಕು. ಮೋಹಕ ಬಲೆ ತರುವವರು ಅಂಗಡಿಯಲ್ಲಿ ಕ್ಯೂಲ್ಯೂರ್ ಎಂದೇ ಕೇಳಿ ಪಡೆಯಿರಿ, ಮಾವಿನ ನೊಣಕ್ಕೆ ಕೊಡುವ ಬಲೆ ಬಳ್ಳಿ ತರಕಾರಿಗೆ ಪ್ರಯೋಜನವಿಲ್ಲ. ಬೆಂಡೆಯ ಎಲೆ ನರಗಳು ಹಳದಿಯಾದ ಗಿಡವನ್ನು ಕಂಡ ದಿನವೇ ಕಿತ್ತು ಹಾಕಿ. ಬದನೆ ಇದ್ದಕ್ಕಿದ್ದಂತೆ ಸೊರಗಿ ಸಾಯುವ ಕಡೆಗಳಲ್ಲಿ ಕಾಡು ಸುಂಡೆಯ ಗಿಡಕ್ಕೆ ಬದನೆಯನ್ನು ಕಸಿ ಕಟ್ಟಿದರೆ ಸೊರಗು ರೋಗವನ್ನು ತಡೆದುಕೊಳ್ಳುತ್ತದೆ. ಹೊಗೆಸೊಪ್ಪಿನ ಕಷಾಯದ ವಿಷಯದಲ್ಲಿ ಎಚ್ಚರಿಕೆ ಬೇಕು. ಗಿಡದಿಂದ ತೆಗೆದದ್ದೆಂದು ಅದನ್ನು ಸಾವಯವವೆನ್ನುವವರಿದ್ದಾರೆ. ಅದರಲ್ಲಿರುವ ನಿಕೋಟಿನ್ ಘೋರವಾದ ವಿಷವೇ ಸರಿ. ತಿನ್ನುವ ಸೊಪ್ಪಿಗೆ ಅದು ಕೂಡದು.

ಮಂಗನ ಕಾಟದ ಮಾತು ಎತ್ತದೆ ಈ ಲೇಖನ ಮುಗಿಸಿದರೆ ಓದುಗರು ನಗುವರು. ಹಿತ್ತಲು ಬೀಳುಬಿಟ್ಟ ಮನೆಗಳಲ್ಲಿ ಅರ್ಧಕ್ಕರ್ಧ ಮಂಗನಿಗೆ ಸೋತೇ ಬಿಟ್ಟವು. ಇದಕ್ಕೆ ಪೂರ್ಣ ಪರಿಹಾರ ನಮ್ಮ ಬಳಿ ಇಲ್ಲ. ಮನೆಗೆ ಅಂಟಿದಂತೆ ಚಿಕ್ಕ ಜಾಗ ಮಾಡಿಕೊಂಡು ಮೇಲೂ ಬಲೆ ಹೊದಿಸುವುದು, ಬಲೆಯ ಹೊರಗೆ ಸುವರ್ಣಗಡ್ಡೆ, ಕೆಸು, ಗಾಂಧಾರಿ ಮೆಣಸಿನಂತಹ ಮಂಗ ಅಷ್ಟಾಗಿ ಮುಟ್ಟದವನ್ನು ಹಾಕುವುದು, ಇಷ್ಟು ಸಾಧ್ಯ. ದೊಡ್ಡ ಹಿತ್ತಲು ಕಳೆದುಕೊಂಡು ಕೂರುವುದಕ್ಕಿಂತ ಚಿಕ್ಕದನ್ನು ಉಳಿಸಿಕೊಳ್ಳುವುದು ಮೇಲು.

ಇವೆಲ್ಲಕ್ಕಿಂತ ನಮ್ಮನ್ನು ಚಿಂತೆಗೀಡುಮಾಡಿರುವುದು ಬೀಜ. ಕುಂಬಳ, ಸೋರೆಯ ಬೀಜಗಳನ್ನು ಸಗಣಿಯೊಳಗೆ ಅದುಮಿ ಗೋಡೆಗೆ ಬಡಿದಿಡುವುದು, ಬದನೆ ಬೀಜವನ್ನು ಬೂದಿಯಲ್ಲಿ ಕಲಸಿ ಒಲೆಯ ಮೇಲಿನ ಅಟ್ಟದಲ್ಲಿ ಕಾಪಾಡುವುದು ನಮ್ಮ ಅಜ್ಜಿಯರಿಗೆ ಬರುತ್ತಿದ್ದ ವಿದ್ಯೆ. ಒಲೆ ಹೋಗಿ ಗ್ಯಾಸ್ ಬಂದಿತು, ಅಟ್ಟದ ಬೀಜವೂ ಅದರೊಡನೆ ಹೋಯಿತು. ಪ್ಯಾಕೆಟ್ಟಿನ ಹೈಬ್ರಿಡ್ ಬೀಜದಿಂದ ಮರುವರ್ಷಕ್ಕೆ ಬೀಜ ಮಾಡಿದರೆ ಮೊದಲಿನ ಗುಣ ನಿಲ್ಲುವುದಿಲ್ಲ. ಉಡುಪಿಯ ಮಟ್ಟು ಊರಿನವರು ತಮ್ಮ ಗುಳ್ಳ ಬದನೆಯನ್ನು ಬಿಡದೆ ಬೆಳೆಸಿಕೊಂಡು ಬಂದದ್ದರಿಂದಲೇ ಅದಕ್ಕೆ 2011ರಲ್ಲಿ ಭೌಗೋಳಿಕ ಮಾನ್ಯತೆ ದೊರೆಯಿತು. ನಮ್ಮ ಊರುಗಳಲ್ಲಿಯೂ ಒಂದೊಂದು ಮನೆಯಲ್ಲಿ ಒಂದೊಂದು ಬಗೆಯ ಸೌತೆ, ಹೀರೆ, ಅಲಸಂದೆ ಇನ್ನೂ ಉಳಿದಿರಬಹುದು. ಅದನ್ನು ಕಾಯುತ್ತಿರುವ ಹಿರಿಯ ಜೀವದೊಡನೆ ಅದೂ ಹೋಗಬಾರದು.

ಆದ್ದರಿಂದ ಸಂಘದ ಮುಂದೆ ಎರಡು ಸಲಹೆಗಳನ್ನು ಇಡುತ್ತೇವೆ. ಮೊದಲನೆಯದಾಗಿ, ಮುಂದಿನ ಮಹಾಸಭೆಗೆ ಬರುವ ಪ್ರತಿಯೊಬ್ಬ ಸದಸ್ಯರೂ ತಮ್ಮ ಮನೆಯ ಒಂದು ಬಗೆಯ ಬೀಜವನ್ನು ಒಂದು ಹಿಡಿ ತರಲಿ, ಬೇರೊಬ್ಬರದನ್ನು ಒಂದು ಹಿಡಿ ಒಯ್ಯಲಿ. ಎರಡನೆಯದಾಗಿ, ಮನೆ ಖರ್ಚಿಗೆ ಮಿಕ್ಕ ತರಕಾರಿಯನ್ನು ವಾರಕ್ಕೊಂದು ದಿನ ಸಂಘದ ಮಳಿಗೆಯ ಜಗಲಿಯಲ್ಲಿಟ್ಟು ಮಾರಲು ಅವಕಾಶವಾಗಲಿ. ಪ್ರಮಾಣಪತ್ರ, ಮುದ್ರೆಗಳ ವಿಚಾರ ದೂರದ ಪೇಟೆಗೆ ಮಾರುವವರಿಗಿರಲಿ. ಇಲ್ಲಿ ಬೆಳೆದವರ ಮುಖ ಕೊಳ್ಳುವವರಿಗೆ ಗೊತ್ತು, ಅವರ ಹಿತ್ತಲೂ ಗೊತ್ತು. ವಿಷ ಹೊಡೆದು ಹೊಡೆದಿಲ್ಲವೆಂದು ಹೇಳಿದವರು ಮರುವಾರ ಅದೇ ಜಗಲಿಯಲ್ಲಿ ಕೂರಬೇಕಲ್ಲವೆ?

ಹಣಕಾಸಿನ ಹೊರೆಯಿಲ್ಲದ ಈ ಕೆಲಸಗಳನ್ನು ಆಡಳಿತ ಮಂಡಳಿ ಪರಿಶೀಲಿಸುವುದೆಂದು ಆಶಿಸುತ್ತೇವೆ. ಮಂಡಳಿ ತೀರ್ಮಾನಿಸುವವರೆಗೆ ಕಾಯದೆ, ಬರುವ ರೋಹಿಣಿ ಮಳೆಗೆ ನಾಲ್ಕು ಬಳ್ಳಿ ಊರುವುದು ಎಲ್ಲರಿಂದಲೂ ಆಗುವ ಕೆಲಸ.