ಪಕ್ಕದವನ ಕಾಲಂ ಎಲ್ಲಿ?

ಒಂದು ಬಗ್ ಸರಿಮಾಡಿದೆ. ಬೆಂಚ್‌ಮಾರ್ಕ್‌ನಲ್ಲಿ ಲೈಬ್ರರಿಯ ಸ್ಪೀಡ್ ಇಳೀತು. ರಿವ್ಯೂನಲ್ಲಿ ಬಂದ ಮೊದಲ ಪ್ರಶ್ನೆ: "ಹಾಗಾದ್ರೆ ಇದನ್ನ ಯಾಕೆ ಮರ್ಜ್ ಮಾಡಬೇಕು?" ನನ್ನ ತಕರಾರು ಆ ಪ್ರಶ್ನೆ ಮೇಲೇ.

ಅದು ಕ್ವಿಕ್ ಪ್ರೋಟೊಕಾಲ್‌ನ ಒಂದು ಓಪನ್ ಸೋರ್ಸ್ ಲೈಬ್ರರಿ. ಐಪಿ ಪ್ಯಾಕೆಟ್‌ನ ಹೆಡರ್‌ನಲ್ಲಿ ಇಸಿಎನ್ ಅಂತ ಎರಡು ಬಿಟ್ ಇವೆ. ನಿಯಮ 2001ರ ಆರ್‌ಎಫ್‌ಸಿ 3168ರಲ್ಲಿದೆ. ಕಳಿಸುವವನು ಅಲ್ಲಿ ಗುರುತು ಹಾಕಿದರೆ ಅದು ರೂಟರ್‌ಗೆ ಕೊಟ್ಟ ಮಾತು: "ದಟ್ಟಣೆ ಆದ್ರೆ ನನ್ನ ಪ್ಯಾಕೆಟ್ ಬಿಸಾಡಬೇಡ, ಗುರುತು ಬದಲಿಸು ಸಾಕು, ನಾನೇ ನಿಧಾನ ಮಾಡ್ತೀನಿ." ರೂಟರ್ ನಂಬಿ ಪ್ಯಾಕೆಟ್ ಉಳಿಸುತ್ತೆ. ಅಂಥವು ಎಷ್ಟು ಬಂದವು ಅಂತ ಆ ಕಡೆಯವನು ಎಣಿಸಿ ವಾಪಸ್ ತಿಳಿಸ್ತಾನೆ. ನಮ್ಮ ಲೈಬ್ರರಿ ಆ ಎಣಿಕೆಯನ್ನು ಓದಿ, ಲಾಗ್‌ನಲ್ಲಿ ಬರೆದು, ಮತ್ತೆ ಅದೇ ವೇಗದಲ್ಲಿ ನುಗ್ಗುತ್ತಿತ್ತು. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ.

ಯಾರೂ ದೂರು ಕೊಡಲಿಲ್ಲ. ಯಾಕೆ ಕೊಡ್ತಾರೆ? ಲೈಬ್ರರಿ ಬಳಸಿದವರ ಡೌನ್‌ಲೋಡ್ ಚೆನ್ನಾಗೇ ಓಡ್ತಿತ್ತು. ತಡವರಿಸೋದು ಅದೇ ಲಿಂಕ್‌ನಲ್ಲಿರೋ ಇನ್ನೊಬ್ಬರ ವಿಡಿಯೋ ಕಾಲ್. ಅವರು "ನೆಟ್ ಸರಿ ಇಲ್ಲ" ಅಂತ ಬೈದುಕೊಂಡು ಸುಮ್ಮನಾಗ್ತಾರೆ.

ಇಂಟರ್‌ನೆಟ್‌ಗೆ ಈ ಪಾಠ ಹೊಸದಲ್ಲ. 1986ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ, ಒಂದು ಲ್ಯಾಬ್‌ಗೂ ಪಕ್ಕದ ವಿಶ್ವವಿದ್ಯಾಲಯಕ್ಕೂ ನಡುವೆ, ಸೆಕೆಂಡಿಗೆ 32 ಸಾವಿರ ಬಿಟ್ ಇದ್ದ ವೇಗ 40 ಬಿಟ್‌ಗೆ ಕುಸಿದಿತ್ತು. ದಟ್ಟಣೆ ಕಂಡರೂ ಯಾರೂ ಹಿಂದೆ ಸರಿಯುತ್ತಿರಲಿಲ್ಲ. ವ್ಯಾನ್ ಜೇಕಬ್‌ಸನ್ ಟಿಸಿಪಿಗೆ ತಗ್ಗೋದು ಕಲಿಸಿದರು. ರೂಟರೇ ಒಂದು ಬಿಟ್‌ನಲ್ಲಿ ಎಚ್ಚರಿಸಲಿ ಅಂತ 1988ರಲ್ಲಿ ಬರೆದ ಕೆ. ಕೆ. ರಾಮಕೃಷ್ಣನ್, ರಾಜ್ ಜೈನ್ ಇಬ್ಬರೂ ಬೆಂಗಳೂರಿನ ಐಐಎಸ್‌ಸಿಯಲ್ಲಿ ಓದಿದವರು. ಆದರೆ ಬಿಟ್ ಬರೀ ಸೂಚನೆ. ಪಾಲಿಸಬೇಕಾದ್ದು ನಾವು ಬರೆಯೋ ಕೋಡ್.

"ಬೇರೆಯವರು ಪಾಲಿಸದಿದ್ರೆ ನಮಗೇ ನಷ್ಟ ಅಲ್ವಾ?" ಅಂತಾರೆ. ನಷ್ಟ ಅಲ್ಲ ಸ್ವಾಮಿ, ಇಷ್ಟು ದಿನ ಇನ್ನೊಬ್ಬರಿಂದ ಕಿತ್ತುಕೊಂಡಿದ್ದನ್ನ ವಾಪಸ್ ಕೊಡ್ತಿದ್ದೀವಿ. ನಮ್ಮ ಬೆಂಚ್‌ಮಾರ್ಕ್ ಅಳೆಯೋದು ನಮ್ಮ ಕನೆಕ್ಷನ್‌ನ ವೇಗ ಮಾತ್ರ. ಪಕ್ಕದವನು ಎಷ್ಟು ಕಾದ ಅನ್ನೋದಕ್ಕೆ ಅಲ್ಲಿ ಕಾಲಂ ಇಲ್ಲ. ಒಂದೇ ಲಿಂಕ್‌ನಲ್ಲಿ ಎರಡು ಕನೆಕ್ಷನ್ ಓಡಿಸಿ, ಎರಡರ ಅಂಕಿಯನ್ನೂ ಪಕ್ಕಪಕ್ಕ ಇಡಿ. ಆಮೇಲೆ ಮಾತಾಡೋಣ.

ಪ್ಯಾಚ್ ಇನ್ನೂ ಮರ್ಜ್ ಆಗಿಲ್ಲ. ಬೇಡ ಅಂದ್ರೆ ಇನ್ನೊಂದು ದಾರಿ ಇದೆ: ಇಸಿಎನ್ ಗುರುತು ಹಾಕೋದನ್ನೇ ನಿಲ್ಲಿಸಿ. ರೂಟರ್ ಪ್ಯಾಕೆಟ್ ಬಿಸಾಡಲಿ. ಪ್ಯಾಕೆಟ್ ಕಳೆದುಹೋದ್ರೆ ಈ ಲೈಬ್ರರಿ ತಕ್ಷಣ ತಗ್ಗುತ್ತೆ, ಅದು ಅದಕ್ಕೆ ಚೆನ್ನಾಗಿ ಗೊತ್ತು. ಮಾತು ಉಳಿಸಿಕೊಳ್ಳೋಕೆ ಆಗಲ್ಲ ಅಂದ್ರೆ ಮಾತು ಕೊಡೋದಾದ್ರೂ ಬಿಡಬೇಕು.